ಪರೇಲ್‌ನ ವಕೀಲ ಬಾಬಾಸಾಹೇಬ್

ಪರೇಲ್‌ನ ದಾಮೋದರ್ ಹಾಲ್ ಎಂದೊಡನೆ ಮಹಾನಗರದ ಹಿರಿಯ ತುಳು-ಕನ್ನಡಿಗರಿಗೆ ನೆನಪಾಗುವುದು ಮರಾಠಿ ನಾಟಕಗಳು. ಆದರೆ 1924ರ ಹೊತ್ತಿಗೆ ಆ ಆವರಣಕ್ಕೆ ಗಿರಣಿ ಕಾರ್ಮಿಕರು ಹೋಗುತ್ತಿದ್ದುದು ನಾಟಕ ನೋಡಲಿಕ್ಕಲ್ಲ. ಕೈಯಲ್ಲೊಂದು ಕೋರ್ಟಿನ ನೋಟೀಸು, ಸಾಲದ ಪತ್ರ ಅಥವಾ ಊರಿನ ಜಮೀನಿನ ಕಾಗದ ಹಿಡಿದು, ಅದರಲ್ಲೇನಿದೆ ಎಂದು ಓದಿ ಹೇಳುವವರನ್ನು ಹುಡುಕಿಕೊಂಡು ಹೋಗುತ್ತಿದ್ದರು. ಅಲ್ಲಿ ಅವರಿಗೆ ಸಿಗುತ್ತಿದ್ದವರು ಬ್ಯಾರಿಸ್ಟರ್ ಭೀಮರಾವ್ ರಾಮ್‌ಜಿ ಅಂಬೇಡ್ಕರ್.

ಸಂವಿಧಾನ ಶಿಲ್ಪಿ ಎಂದು, ದಲಿತರ ವಿಮೋಚಕ ಎಂದು ಡಾ. ಅಂಬೇಡ್ಕರ್ ಅವರನ್ನು ಎಲ್ಲರೂ ಬಲ್ಲರು. ಪ್ರತಿವರ್ಷ ಎಪ್ರಿಲ್ 14ರಂದು ಮತ್ತು ಡಿಸೆಂಬರ್ 6ರಂದು ಅವರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ಆದರೆ ಹತ್ತಾರು ವರ್ಷ ಇದೇ ಮುಂಬಯಿಯಲ್ಲಿ ಕಪ್ಪು ಕೋಟು ತೊಟ್ಟು ದುಡಿದ ವಕೀಲ ಅಂಬೇಡ್ಕರ್ ಬಗ್ಗೆ ಮಾತು ಕಡಿಮೆ. ನೌಕರನಿಗೆ ಮಾಲಕನ ಎದುರು, ಕಕ್ಷಿದಾರನಿಗೆ ಕೋರ್ಟಿನ ಎದುರು ಇರುವ ದಿನನಿತ್ಯದ ಹಕ್ಕುಗಳೇನು ಎಂಬುದನ್ನು ಅವರು ಪುಸ್ತಕದಿಂದ ಎಷ್ಟು ಕಲಿತರೋ ಪರೇಲ್‌ನ ಈ ಬೆಂಚಿನ ಮೇಲೆ ಕುಳಿತವರಿಂದಲೂ ಅಷ್ಟೇ ಕಲಿತರು.

ದಾಮೋದರ್ ಹಾಲ್ ಸೋಷಿಯಲ್ ಸರ್ವಿಸ್ ಲೀಗ್‌ಗೆ ಸೇರಿದ್ದು. 1911ರಲ್ಲಿ ನಾರಾಯಣ ಮಲ್ಹಾರ್ ಜೋಶಿ ಅವರು ಸಂಗಡಿಗರೊಂದಿಗೆ ಕಟ್ಟಿದ ಈ ಲೀಗ್ ಗಿರಣಿಗಾಂವ್‌ನಲ್ಲಿ ರಾತ್ರಿ ಶಾಲೆ, ವಾಚನಾಲಯ, ಸಹಕಾರಿ ಸಂಘಗಳನ್ನು ನಡೆಸುತ್ತಿತ್ತು. ಓದುಬರಹ ಬಾರದ ಬಡವರಿಗೆ ಉಚಿತ ಕಾನೂನು ಸಲಹೆ ಕೊಡುವುದೂ ಅದರ ಕೆಲಸಗಳಲ್ಲಿ ಒಂದಾಗಿತ್ತು. ಈ ಲೀಗ್‌ನ ಅಧ್ಯಕ್ಷರಾಗಿದ್ದವರು ನಮ್ಮ ಹೊನ್ನಾವರದಲ್ಲಿ 1855ರಲ್ಲಿ ಹುಟ್ಟಿ, ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಯಾಗಿ ಮೆರೆದ ಸರ್ ನಾರಾಯಣ ಗಣೇಶ ಚಂದಾವರ್ಕರ್ ಎಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಮಾಟುಂಗದ ಚಂದಾವರ್ಕರ್ ರಸ್ತೆಯಲ್ಲಿ ಓಡಾಡುವ ಎಷ್ಟು ಮಂದಿಗೆ ಇದು ಗೊತ್ತಿದೆಯೋ! ಚಂದಾವರ್ಕರ್ 1923ರ ಮೇ ತಿಂಗಳಲ್ಲಿ ತೀರಿಕೊಂಡರು. ಅದಕ್ಕೆ ತುಸು ಮುಂಚೆ, ಎಪ್ರಿಲ್‌ನಲ್ಲಿ, ಲಂಡನ್‌ನಲ್ಲಿ ಓದು ಮುಗಿಸಿದ ಅಂಬೇಡ್ಕರ್ ಮುಂಬಯಿಗೆ ಮರಳಿದ್ದರು. 1924ರ ಜುಲೈ 20ರಂದು ಅವರು ಸ್ಥಾಪಿಸಿದ ಬಹಿಷ್ಕೃತ ಹಿತಕಾರಿಣಿ ಸಭಾದ ಕಚೇರಿ ಇದೇ ದಾಮೋದರ್ ಹಾಲ್‌ನಲ್ಲಿ ಆರಂಭವಾಯಿತು. ವಕೀಲಿ ಕಾಗದಪತ್ರಗಳೂ ಅಲ್ಲಿಯೇ.

ಪರೇಲ್ ಅವರಿಗೆ ಹೊಸ ಜಾಗವೇನಲ್ಲ. 1891ರಲ್ಲಿ ಮಹೂ ದಂಡಿನ ಪ್ರದೇಶದಲ್ಲಿ ಹುಟ್ಟಿದ ಭೀಮರಾವ್, ಸೇನೆಯಿಂದ ನಿವೃತ್ತರಾಗಿದ್ದ ತಂದೆ ರಾಮ್‌ಜಿ ಸಕ್ಪಾಲ್ ಜೊತೆ ಬಾಲ್ಯದಲ್ಲೇ ಮುಂಬಯಿಗೆ ಬಂದವರು. ಲೋವರ್ ಪರೇಲ್‌ನ ಡಬಕ್ ಚಾಳ್‌ನ ಒಂದೇ ಕೋಣೆಯಲ್ಲಿ ಇಡೀ ಕುಟುಂಬ. ಅಡುಗೆ, ನಿದ್ದೆ, ಓದು ಎಲ್ಲವೂ ಅಲ್ಲೇ. ಮಗ ಓದಲೆಂದು ತಂದೆ ನಡುರಾತ್ರಿ ಕಳೆದ ಮೇಲೆ ಎಬ್ಬಿಸುತ್ತಿದ್ದರಂತೆ. ಎಲ್ಫಿನ್‌ಸ್ಟನ್ ಹೈಸ್ಕೂಲ್, ಎಲ್ಫಿನ್‌ಸ್ಟನ್ ಕಾಲೇಜು, 1912ರಲ್ಲಿ ಬಿ.ಎ. ಆಮೇಲೆ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಅಮೆರಿಕದ ಕೊಲಂಬಿಯಾ, ಬಳಿಕ ಲಂಡನ್. 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಹೋದರೆ ಊರಿನಲ್ಲಿ ಬಾಡಿಗೆಗೆ ಒಂದು ಕೋಣೆ ಕೊಡುವವರಿರಲಿಲ್ಲ. ತಂಗಿದ್ದ ಪಾರ್ಸಿ ವಸತಿಗೃಹದಿಂದಲೂ ಹೊರದಬ್ಬಿಸಿಕೊಂಡು ಮುಂಬಯಿಗೆ ವಾಪಸಾದರು. ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಪಾಠ ಮಾಡಿ, ಹಣ ಕೂಡಿಟ್ಟು ಮತ್ತೆ ಲಂಡನ್‌ಗೆ ಹೋಗಿ 1922ರಲ್ಲಿ ಗ್ರೇಸ್ ಇನ್‌ನಿಂದ ಬ್ಯಾರಿಸ್ಟರ್ ಆದರು.

ಇಷ್ಟೆಲ್ಲ ಪದವಿಗಳಿದ್ದರೂ 1923ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ವಕಾಲತ್ತು ನಡೆಸಲು ಬೇಕಾದ ಸನದಿನ ಶುಲ್ಕ ಕಟ್ಟಲು ಅವರ ಕೈಯಲ್ಲಿ ದುಡ್ಡಿರಲಿಲ್ಲ. ಗೆಳೆಯ ನವಲ್ ಭಾಥೇನಾ ಕೊಟ್ಟ 500 ರೂಪಾಯಿ ಸಾಲದಿಂದ ಸನದು ಕೈಸೇರಿತು. ಆಗ ವಾಸ ಪೊಯ್‌ಬಾವ್ಡಿಯ ಬಿ.ಐ.ಟಿ. ಚಾಳ್‌ನಲ್ಲಿ, ಎರಡನೇ ಮಾಳಿಗೆಯ 50 ಮತ್ತು 51ನೇ ನಂಬರಿನ ಪುಟ್ಟ ಕೋಣೆಗಳಲ್ಲಿ. ಸುತ್ತಲಿನವರು ಹೆಚ್ಚಾಗಿ ಗಿರಣಿ, ಗೋದಿ, ರೈಲ್ವೆಗಳಲ್ಲಿ ದುಡಿಯುವವರು. ಬ್ಯಾರಿಸ್ಟರ್ ಆದವರೊಬ್ಬರು ಸಾರ್ವಜನಿಕ ನಲ್ಲಿ, ಸಾರ್ವಜನಿಕ ಶೌಚಾಲಯದ ಚಾಳ್‌ನಲ್ಲಿ 1934ರವರೆಗೂ ಸಂಸಾರ ಮಾಡಿದರು ಎಂಬುದನ್ನು ಈಗಿನ ಯುವ ವಕೀಲರು ನಂಬುವುದು ಕಷ್ಟ.

ಹೈಕೋರ್ಟಿನೊಳಗೆ ಕಾದಿದ್ದುದು ಬೇರೆಯೇ ಗೋಡೆ. ಆ ಕಾಲದಲ್ಲಿ ಮುಂಬಯಿ ಹೈಕೋರ್ಟಿನ ಒರಿಜಿನಲ್ ಸೈಡ್, ಅಂದರೆ ನಗರದ ದೊಡ್ಡ ವ್ಯಾಪಾರಿ ದಾವೆಗಳು ನೇರವಾಗಿ ದಾಖಲಾಗುವ ವಿಭಾಗದಲ್ಲಿ, ಕಕ್ಷಿದಾರ ಬ್ಯಾರಿಸ್ಟರ್ ಬಳಿಗೆ ನೇರ ಹೋಗುವಂತಿರಲಿಲ್ಲ. ಕಕ್ಷಿದಾರ ಸಾಲಿಸಿಟರ್ ಬಳಿಗೆ, ಸಾಲಿಸಿಟರ್ ಬ್ಯಾರಿಸ್ಟರ್ ಬಳಿಗೆ. ಕೇಸಿನ ಕಟ್ಟು ಯಾರಿಗೆ ಹೋಗಬೇಕು ಎನ್ನುವುದು ಸಾಲಿಸಿಟರ್‌ಗಳ ಕೈಯಲ್ಲಿತ್ತು. ಅಸ್ಪೃಶ್ಯ ಬ್ಯಾರಿಸ್ಟರ್‌ಗೆ ಅದನ್ನು ಕೊಡಲು ಅವರು ಮುಂದೆ ಬರಲಿಲ್ಲ. ಹೀಗಾಗಿ ಅಂಬೇಡ್ಕರ್ ಅವರಿಗೆ ಉಳಿದದ್ದು ಅಪೀಲು ವಿಭಾಗ, ಕೆಳಗಿನ ಕೋರ್ಟುಗಳು ಮತ್ತು ಜಿಲ್ಲೆಗಳ ಕೇಸುಗಳು. ಅಲ್ಲಿ ಕಕ್ಷಿದಾರ ನೇರವಾಗಿ ಬಂದು ಎದುರು ಕೂರಬಹುದಿತ್ತು. ಬಾಗಿಲು ಮುಚ್ಚಿದವರು ತಮಗರಿವಿಲ್ಲದೆ ಅವರನ್ನು ಬಡವರ ಹತ್ತಿರಕ್ಕೆ ದೂಡಿದರು ಎನ್ನಬೇಕು.

ಬರುವ ಬಡವರಿಂದ ಅವರು ಪಡೆಯುತ್ತಿದ್ದುದು ಅಲ್ಪ ಶುಲ್ಕ, ಎಷ್ಟೋ ಸಲ ಅದೂ ಇಲ್ಲ. ಮನೆ ಖರ್ಚಿಗಾಗಿ 1925ರ ಜೂನ್‌ನಿಂದ 1928ರ ಮಾರ್ಚ್‌ವರೆಗೆ ಬಾಟ್ಲಿಬಾಯ್ ಅಕೌಂಟೆನ್ಸಿ ಸಂಸ್ಥೆಯಲ್ಲಿ ವಾಣಿಜ್ಯ ಕಾನೂನು ಪಾಠ ಮಾಡಿದರು. 1928ರಲ್ಲಿ ಸರಕಾರಿ ಕಾನೂನು ಕಾಲೇಜಿನ ಪ್ರಾಧ್ಯಾಪಕರಾದರು. 1935ರಲ್ಲಿ ಅದೇ ಕಾಲೇಜಿನ ಪ್ರಾಂಶುಪಾಲರೂ ಆದರು. ಪ್ರಾಂಶುಪಾಲರಾದ ಮೇಲೂ ಪರೇಲ್‌ನ ಜನ ಅವರನ್ನು ಹುಡುಕಿಕೊಂಡು ಹೋಗುವುದು ನಿಲ್ಲಲಿಲ್ಲ. ಬದಲಾದದ್ದು ವಿಳಾಸ ಮಾತ್ರ, ಬಿ.ಐ.ಟಿ. ಚಾಳ್‌ನಿಂದ ದಾದರ್ ಹಿಂದೂ ಕಾಲನಿಯ ರಾಜಗೃಹಕ್ಕೆ.

ಇತರ ವಕೀಲರು ಹಿಂಜರಿಯುವ ಕೇಸುಗಳನ್ನೂ ಅವರು ಕೈಗೆತ್ತಿಕೊಂಡರು. 1926ರಲ್ಲಿ ಪುಣೆಯ ಬ್ರಾಹ್ಮಣೇತರ ಚಳವಳಿಯ ಕೇಶವರಾವ್ ಜೇಧೆ, ದಿನಕರರಾವ್ ಜವಳ್ಕರ್ ಮೊದಲಾದವರ ಮೇಲೆ ಪುಸ್ತಕವೊಂದರ ಸಂಬಂಧ ಮಾನನಷ್ಟ ಮೊಕದ್ದಮೆ ಹೂಡಲಾಗಿತ್ತು. ಅಪೀಲಿನಲ್ಲಿ ಅಂಬೇಡ್ಕರ್ ವಾದಿಸಿ ಗೆದ್ದರು. 1934ರಲ್ಲಿ ಸಂತಾನ ನಿಯಂತ್ರಣದ ಬಗ್ಗೆ ಬಹಿರಂಗವಾಗಿ ಬರೆಯುತ್ತಿದ್ದ ರಘುನಾಥ ಧೋಂಡೋ ಕರ್ವೆ ಅವರ ಮೇಲೆ ಅಶ್ಲೀಲತೆಯ ಆರೋಪ ಬಂದಾಗ ಅವರ ಪರ ನಿಂತು ವಾದಿಸಿದರು, ಸೋತರು. ಗೆದ್ದದ್ದು ಮಾತ್ರ ಹೇಳಿದರೆ ವಕೀಲನ ಚರಿತ್ರೆ ಪೂರ್ತಿಯಾಗುವುದಿಲ್ಲ.

ಕನ್ನಡ ನಾಡಿನ ನಂಟೂ ಈ ವಕೀಲಿ ವೃತ್ತಿಯೊಂದಿಗೆ ಹೆಣೆದುಕೊಂಡಿದೆ. ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಅಲ್ಲಿನ ಕೋರ್ಟುಗಳ ಅಪೀಲುಗಳು ಬರುತ್ತಿದ್ದುದು ಮುಂಬಯಿ ಹೈಕೋರ್ಟಿಗೆ. ನಮ್ಮ ದಕ್ಷಿಣ ಕನ್ನಡ ಮಾತ್ರ ಮದರಾಸಿನ ಪಾಲಾಗಿತ್ತು. 1925ರ ಎಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲಿ ನಡೆದ ಬಹಿಷ್ಕೃತರ ಪರಿಷತ್ತಿಗೆ ಅಂಬೇಡ್ಕರ್ ಅವರೇ ಅಧ್ಯಕ್ಷರು. ಧಾರವಾಡದಲ್ಲಿ ಅವರು ಆರಂಭಿಸಿದ ವಿದ್ಯಾರ್ಥಿ ನಿಲಯವನ್ನು ನೋಡಿಕೊಂಡವರು ಬಳವಂತರಾವ್ ವರಾಳೆ. 1937ರ ಚುನಾವಣೆಯಲ್ಲಿ ವರಾಳೆ ಬೆಳಗಾವಿ ಜಿಲ್ಲೆಯಿಂದ ಅಂಬೇಡ್ಕರ್ ಪಕ್ಷದ ಶಾಸಕರಾಗಿ ಮುಂಬಯಿ ಅಸೆಂಬ್ಲಿಗೆ ಆಯ್ಕೆಯಾದರು. ಅವರ ಮೊಮ್ಮಗ, ನಿಪ್ಪಾಣಿಯಲ್ಲಿ ಹುಟ್ಟಿದ ಪ್ರಸನ್ನ ವರಾಳೆ 2022ರಲ್ಲಿ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ, 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು.

ವಕೀಲನಾಗಿ ಇನ್ನೊಬ್ಬರ ಕೇಸು ನಡೆಸುವುದು ಒಂದು ಅನುಭವ. ತಾನೇ ಕಟಕಟೆಯ ಈಚೆ ಕುಳಿತು ತಾರೀಕಿಗಾಗಿ ಕಾಯುವುದು ಇನ್ನೊಂದು. ಅಂಬೇಡ್ಕರ್ ಅವರಿಗೆ ಎರಡೂ ಗೊತ್ತಿತ್ತು. 1923ರಲ್ಲಿ ಮುಂಬಯಿ ವಿಧಾನ ಪರಿಷತ್ತು ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ಮುಕ್ತ ಎಂದು ಎಸ್.ಕೆ. ಬೋಳೆ ಅವರ ಠರಾವನ್ನು ಅಂಗೀಕರಿಸಿತ್ತು. ಮಹಾಡ್ ಪುರಸಭೆಯೂ ಚವದಾರ್ ಕೆರೆಯನ್ನು ಮುಕ್ತಗೊಳಿಸಿತ್ತು. ಕಾಗದದ ಮೇಲೆ ಹಕ್ಕು ಸಿಕ್ಕಿತ್ತು, ನೀರು ಸಿಕ್ಕಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಹೋಗಿ ಆ ನೀರನ್ನು ಕುಡಿದರು. ಆ ದಿನ ಅವರ ಜನರ ಮೇಲೆ ಹಲ್ಲೆಯಾಯಿತು. ಡಿಸೆಂಬರ್‌ನಲ್ಲಿ ಮತ್ತೆ ಸತ್ಯಾಗ್ರಹಕ್ಕೆ ಸಿದ್ಧತೆ ನಡೆದಾಗ ಊರಿನ ಸವರ್ಣೀಯರು ಮಹಾಡ್ ಕೋರ್ಟಿನಲ್ಲಿ ಅಂಬೇಡ್ಕರ್ ಮತ್ತು ಸಂಗಡಿಗರ ಮೇಲೆ ದಾವೆ ಹೂಡಿ ಡಿಸೆಂಬರ್ 14ರಂದು ತಾತ್ಕಾಲಿಕ ತಡೆಯಾಜ್ಞೆ ತಂದರು. ಕೆರೆ ಖಾಸಗಿಯದು, ಅಸ್ಪೃಶ್ಯರನ್ನು ದೂರವಿಡುವುದು ಅನಾದಿ ಕಾಲದ ರೂಢಿ ಎಂದು ಅವರ ವಾದ.

ಡಿಸೆಂಬರ್ 25ರಂದು ಸಾವಿರಾರು ಜನ ಮಹಾಡ್‌ನಲ್ಲಿ ಸೇರಿದ್ದರು. ಕೆರೆಗೆ ನುಗ್ಗೋಣ ಎಂಬ ಹುರುಪು ಎಲ್ಲರಲ್ಲೂ. ಅಂಬೇಡ್ಕರ್ ಅವರನ್ನು ತಡೆದರು. ಕೋರ್ಟಿನ ಆಜ್ಞೆ ಇದೆ, ಕೋರ್ಟಿನಲ್ಲೇ ಹೋರಾಡೋಣ ಎಂಬ ಅವರ ನಿಲುವು ಎಷ್ಟೋ ಜನರಿಗೆ ನಿರಾಶೆ ತಂದಿತು. ತಡೆಯಾಜ್ಞೆ 1928ರ ಫೆಬ್ರವರಿಯಲ್ಲಿ ತೆರವಾಯಿತಾದರೂ ದಾವೆ ಮುಗಿಯಲಿಲ್ಲ. ಮಹಾಡ್ ಕೋರ್ಟಿನ ತೀರ್ಪು ಬಂದದ್ದು 1931ರ ಜೂನ್‌ನಲ್ಲಿ, ಠಾಣೆ ಜಿಲ್ಲಾ ಕೋರ್ಟಿನದ್ದು 1933ರ ಜನವರಿಯಲ್ಲಿ, ಹೈಕೋರ್ಟಿನದ್ದು 1937ರ ಮಾರ್ಚ್ 17ರಂದು. ನ್ಯಾಯಮೂರ್ತಿಗಳಾದ ಬ್ರೂಮ್‌ಫೀಲ್ಡ್ ಮತ್ತು ವಾಡಿಯಾ, ಅಂಥ ಅನಾದಿ ರೂಢಿ ಇತ್ತೆಂದು ವಾದಿಗಳು ಸಾಬೀತುಪಡಿಸಿಲ್ಲ ಎಂದು ಅಪೀಲನ್ನು ವಜಾ ಮಾಡಿದರು. ಒಂದು ಬೊಗಸೆ ನೀರಿನ ಹಕ್ಕು ಕಾಗದದ ಮೇಲೆ ಖಚಿತವಾಗಲು ಮೂರು ಕೋರ್ಟು, ಹತ್ತಿರ ಹತ್ತಿರ ಹತ್ತು ವರ್ಷ. ಕಾನೂನು ಬಲ್ಲ ಬ್ಯಾರಿಸ್ಟರ್‌ಗೇ ಹೀಗಾದರೆ ಹೆಬ್ಬೆಟ್ಟೊತ್ತುವ ಕೂಲಿಯ ಪಾಡೇನು ಎಂಬ ಪ್ರಶ್ನೆ ಈ ಕೇಸನ್ನು ಓದಿದವರಿಗೆ ಹೊಳೆಯದೆ ಇರದು.

ಆ ಕೂಲಿಯ ಪಾಡು ಏನಿತ್ತು? 1859ರ ಕಾಯ್ದೆಯೊಂದರ ಪ್ರಕಾರ ಮುಂಗಡ ಹಣ ಪಡೆದ ಕೆಲಸಗಾರ ಕೆಲಸ ಬಿಟ್ಟರೆ ಮಾಲಕ ಅವನನ್ನು ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಿ ಜೈಲಿಗೂ ಕಳುಹಿಸಬಹುದಿತ್ತು. ಕರಾರು ಮುರಿದ ಮಾಲಕನಿಗೆ ಜೈಲಿಲ್ಲ, ನೌಕರನಿಗೆ ಮಾತ್ರ ಜೈಲು. ಈ ಕಾಯ್ದೆ ರದ್ದಾದದ್ದು 1925ರ ಶಾಸನದಿಂದ. ಕೆಲಸದಲ್ಲಿ ಗಾಯಗೊಂಡವರಿಗೆ ಪರಿಹಾರ ಕೊಡುವ ಕಾಯ್ದೆ 1923ರಲ್ಲಿ, ಕಾರ್ಮಿಕ ಸಂಘಗಳಿಗೆ ಮಾನ್ಯತೆ ನೀಡುವ ಕಾಯ್ದೆ 1926ರಲ್ಲಿ ಬಂದವು. ಇವುಗಳ ಹಿಂದೆ ಎನ್.ಎಂ. ಜೋಶಿ ಅವರ ದುಡಿಮೆ ದೊಡ್ಡದು. ಅಂಬೇಡ್ಕರ್ ಅವರು 1927ರಲ್ಲಿ ಮುಂಬಯಿ ವಿಧಾನ ಪರಿಷತ್ತಿಗೆ ನೇಮಕಗೊಂಡ ಮೇಲೆ ಆ ಸಾಲಿಗೆ ಸೇರಿದರು. 1928ರ ಜುಲೈಯಲ್ಲಿ ಗಿರಣಿ ಕೆಲಸದ ಹೆಂಗಸರಿಗೆ ಹೆರಿಗೆ ಸಮಯದಲ್ಲಿ ವೇತನ ಸಹಿತ ವಿಶ್ರಾಂತಿ ನೀಡುವ ಮಸೂದೆ ಚರ್ಚೆಗೆ ಬಂದಾಗ ಅವರು ಬೆಂಬಲಿಸಿ ಮಾತನಾಡಿದರು. ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತಕ್ಕೂ ಅಗತ್ಯ, ಆಕೆಯ ದುಡಿಮೆಯಿಂದ ಲಾಭ ಪಡೆಯುವ ಮಾಲಕ ಅದರ ಹೊರೆಯಲ್ಲಿ ಪಾಲು ಹೊರಬೇಕು ಎಂಬುದು ಅವರ ತರ್ಕ. ಮುಂಬಯಿ ಹೆರಿಗೆ ಸೌಲಭ್ಯ ಕಾಯ್ದೆ 1929ರಲ್ಲಿ ಜಾರಿಗೆ ಬಂತು.

ಗಿರಣಿ ಮುಷ್ಕರದ ವಿಷಯದಲ್ಲಿ ಮಾತ್ರ ಅವರಿಗೂ ಕಮ್ಯುನಿಸ್ಟ್ ನಾಯಕರಿಗೂ ಸರಿಬೀಳಲಿಲ್ಲ. ಇಲ್ಲೊಂದು ಸೂಕ್ಷ್ಮವಿದೆ. ಗಿರಣಿಯಲ್ಲಿ ಹೆಚ್ಚು ಸಂಬಳವಿದ್ದದ್ದು ನೇಯ್ಗೆ ಖಾತೆಯಲ್ಲಿ. ಲಾಳಿಯ ಕಂಡಿಕೆ ಮುಗಿದು ಹೊಸ ನೂಲು ಹಾಕುವಾಗ, ಎಳೆ ತುಂಡಾದಾಗ, ನೇಕಾರರು ನೂಲನ್ನು ಬಾಯಿಗೆ ತಾಗಿಸುತ್ತಿದ್ದರು. ಅಸ್ಪೃಶ್ಯರು ಮುಟ್ಟಿದ ಎಳೆಯನ್ನು ಬಾಯಿಗೆ ತಾಗಿಸುವುದು ಹೇಗೆ ಎಂದು ಸವರ್ಣ ಕಾರ್ಮಿಕರು ಅವರನ್ನು ಆ ಖಾತೆಯೊಳಗೇ ಬಿಡುತ್ತಿರಲಿಲ್ಲ. ಹೀಗೆ ಹಕ್ಕು ಕಸಿದವನು ಮಾಲಕನಲ್ಲ, ಪಕ್ಕದಲ್ಲಿ ನಿಂತ ಜೊತೆಗಾರ. 1928ರ ಎಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಆರು ತಿಂಗಳು ನಡೆದ ಮಹಾಮುಷ್ಕರದ ವೇಳೆ, ಎಲ್ಲ ಖಾತೆಗಳಲ್ಲೂ ಅಸ್ಪೃಶ್ಯರಿಗೆ ಕೆಲಸದ ಹಕ್ಕು ಎಂಬುದನ್ನು ಬೇಡಿಕೆಗಳಲ್ಲಿ ಸೇರಿಸದಿದ್ದರೆ ತಮ್ಮ ಜನ ಜೊತೆಗಿರಲಾರರು ಎಂದು ಅಂಬೇಡ್ಕರ್ ಮುಷ್ಕರದ ನಾಯಕರಿಗೆ ತಿಳಿಸಿದರು. ಅವರು ಒಲ್ಲದ ಮನಸ್ಸಿನಿಂದ ಒಪ್ಪಿದರು. 1929ರ ಮುಷ್ಕರವನ್ನು ಅಂಬೇಡ್ಕರ್ ವಿರೋಧಿಸಿಯೇ ಬಿಟ್ಟರು. ಆರು ತಿಂಗಳ ಉಪವಾಸದ ಬಳಿಕ ಸಾಲದಲ್ಲಿ ಮುಳುಗಿದವರನ್ನು ಮತ್ತೆ ಬೀದಿಗಿಳಿಸುವುದು ಸಲ್ಲ ಎಂಬುದು ಅವರ ಅಭಿಪ್ರಾಯವಾಗಿತ್ತು. ಕಾರ್ಮಿಕ ಒಗ್ಗಟ್ಟನ್ನು ಒಡೆದರು ಎಂಬ ಟೀಕೆ ಅಂದು ಬಂತು, ಇಂದೂ ಕೆಲವರು ಹೇಳುತ್ತಾರೆ. 1938ರ ಫೆಬ್ರವರಿಯಲ್ಲಿ ಮನ್ಮಾಡ್‌ನಲ್ಲಿ ಜಿ.ಐ.ಪಿ. ರೈಲ್ವೆಯ ದಲಿತ ಕಾರ್ಮಿಕರ ಸಮ್ಮೇಳನದಲ್ಲಿ ಅವರು ಇದಕ್ಕೆ ತಮ್ಮ ಉತ್ತರ ಕೊಟ್ಟರು: ಕಾರ್ಮಿಕನಿಗೆ ಶತ್ರುಗಳು ಇಬ್ಬರು, ಬಂಡವಾಳಶಾಹಿ ಮತ್ತು ಬ್ರಾಹ್ಮಣ್ಯ ಎಂಬುದು ಆ ಭಾಷಣದ ಸಾರ. ಗ್ಯಾಂಗ್‌ಮನ್ ಆಗಿ ಸೇರಿದ ದಲಿತ ಗ್ಯಾಂಗ್‌ಮನ್ ಆಗಿಯೇ ನಿವೃತ್ತನಾಗುವುದನ್ನು ಅಲ್ಲಿ ಅವರು ಎತ್ತಿ ತೋರಿದ್ದರು.

ಆ ಹೊತ್ತಿಗೆ ಅವರ ಬಳಿ ಒಂದು ಪಕ್ಷವಿತ್ತು. 1936ರ ಆಗಸ್ಟ್‌ನಲ್ಲಿ ಸ್ಥಾಪಿಸಿದ ಸ್ವತಂತ್ರ ಕಾರ್ಮಿಕ ಪಕ್ಷ. 1937ರ ಚುನಾವಣೆಯಲ್ಲಿ ಅದರ 14 ಮಂದಿ ಗೆದ್ದರು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಕಾಂಗ್ರೆಸ್ ಸರಕಾರ ಕೈಗಾರಿಕಾ ವಿವಾದ ಮಸೂದೆಯನ್ನು ತಂದಿತು. ಮಾತುಕತೆಯ ಪ್ರಕ್ರಿಯೆ ಮುಗಿಯುವ ಮುನ್ನ ಮುಷ್ಕರ ಹೂಡಿದರೆ ಅದು ಶಿಕ್ಷಾರ್ಹ ಅಪರಾಧ ಎಂಬುದು ಅದರ ತಿರುಳು. ಸೆಪ್ಟೆಂಬರ್ 15ರಂದು ಅಂಬೇಡ್ಕರ್ ಅಸೆಂಬ್ಲಿಯಲ್ಲಿ ಮಾಡಿದ ಭಾಷಣ ವಕೀಲನೊಬ್ಬ ಕಾರ್ಮಿಕನ ಪರ ಮಾಡಿದ ವಾದಗಳಲ್ಲಿ ಅತ್ಯುತ್ತಮವಾದುದು ಎಂದರೆ ತಪ್ಪಾಗಲಾರದು. ಘೋಷಣೆ, ಆವೇಶಗಳಿಗೆ ಅವರು ಕೈಹಾಕಲಿಲ್ಲ. ಕರಾರು ಕಾನೂನಿನ ಮೂಲ ಪಾಠದಿಂದಲೇ ಶುರು ಮಾಡಿದರು. ಮುಷ್ಕರ ಎಂದರೇನು? ನೌಕರ ತನ್ನ ಸೇವೆಯ ಕರಾರನ್ನು ಮುರಿಯುವುದು. ಕರಾರು ಮುರಿದರೆ ಕಾನೂನಿನಲ್ಲಿ ಏನು ಪರಿಹಾರ? ನಷ್ಟ ತುಂಬಿಕೊಡಬೇಕು, ಅಷ್ಟೇ. ವ್ಯಾಪಾರಿ ಮಾಲು ಕಳುಹಿಸದಿದ್ದರೆ ಜೈಲಿಗೆ ಹೋಗುತ್ತಾನೆಯೇ? ಹಾಗಿದ್ದ ಮೇಲೆ ನೌಕರನಿಗೆ ಮಾತ್ರ ಜೈಲೇಕೆ? ಮನಸ್ಸಿಲ್ಲದ ಮನುಷ್ಯನನ್ನು ಶಿಕ್ಷೆಯ ಭಯದಿಂದ ದುಡಿಸುವುದೆಂದರೆ ಅವನನ್ನು ಗುಲಾಮನನ್ನಾಗಿಸಿದಂತೆ. ಮುಷ್ಕರದ ಹಕ್ಕೆಂಬುದು ಸ್ವಾತಂತ್ರ್ಯದ ಹಕ್ಕಿಗೆ ಇರುವ ಇನ್ನೊಂದು ಹೆಸರು ಎಂಬಲ್ಲಿಗೆ ಅವರು ವಾದವನ್ನು ತಂದು ನಿಲ್ಲಿಸಿದರು. ಎಲ್ಲ ಮುಷ್ಕರಗಳೂ ಸರಿ ಎಂದು ಅವರು ವಾದಿಸಲಿಲ್ಲ ಎಂಬುದನ್ನು ಗಮನಿಸಬೇಕು. ಒಂಬತ್ತು ವರ್ಷಗಳ ಹಿಂದೆ ಒಂದು ಮುಷ್ಕರವನ್ನು ಸ್ವತಃ ವಿರೋಧಿಸಿದವರು ಅವರು. ಮುಷ್ಕರ ಬೇಡ ಎನ್ನುವುದು ಬೇರೆ, ಮುಷ್ಕರ ಹೂಡಿದವನು ಅಪರಾಧಿ ಎನ್ನುವುದು ಬೇರೆ.

1938ರ ನವೆಂಬರ್ 7ರಂದು ಮಸೂದೆಯ ವಿರುದ್ಧ ಒಂದು ದಿನದ ಮುಷ್ಕರ ನಡೆಯಿತು. ಹಳೆಯ ವೈಮನಸ್ಸು ಮರೆತು ಅಂಬೇಡ್ಕರ್, ಡಾಂಗೆ, ಜಮನಾದಾಸ್ ಮೆಹ್ತಾ ಒಂದೇ ವೇದಿಕೆಯಲ್ಲಿ ನಿಂತರು. ಗಿರಣಿಗಾಂವ್ ಸ್ತಬ್ಧವಾಯಿತು. ಪೊಲೀಸರು ಗುಂಡು ಹಾರಿಸಿದ್ದೂ ಆಯಿತು. ಇಷ್ಟಾದರೂ ಮಸೂದೆ ಕಾಯ್ದೆಯಾಯಿತು. ಅಂಗಡಿ, ಹೊಟೇಲು ನೌಕರರ ಕೆಲಸದ ವೇಳೆಗೆ ಮಿತಿ ಹಾಕಿದ ಮುಂಬಯಿ ಶಾಪ್ಸ್ ಆ್ಯಂಡ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯ್ದೆಯನ್ನು 1939ರಲ್ಲಿ ತಂದದ್ದೂ ಅದೇ ಕಾಂಗ್ರೆಸ್ ಸರಕಾರ ಎಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ಫೋರ್ಟ್, ಮಾಟುಂಗ, ದಾದರ್‌ಗಳ ಉಡುಪಿ ಹೊಟೇಲುಗಳಲ್ಲಿ ನಸುಕಿನಿಂದ ನಡುರಾತ್ರಿಯವರೆಗೆ ದುಡಿಯುತ್ತಿದ್ದ ನಮ್ಮ ಊರ ಹುಡುಗರಿಗೆ ವಾರದ ರಜೆ ಎಂಬುದೊಂದು ಕಾನೂನಿನ ಹಕ್ಕಾಗಿ ಬಂದದ್ದು ಆ ಕಾಯ್ದೆಯಿಂದ. ಈಗ ಅದರ ಜಾಗದಲ್ಲಿ ಮಹಾರಾಷ್ಟ್ರದ 2017ರ ಹೊಸ ಕಾಯ್ದೆ ಇದೆ.

1942ರ ಜುಲೈಯಲ್ಲಿ ಅಂಬೇಡ್ಕರ್ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾದರು. ಈಗಿನ ಲೆಕ್ಕದಲ್ಲಿ ಕೇಂದ್ರ ಕಾರ್ಮಿಕ ಸಚಿವ. ಕ್ವಿಟ್ ಇಂಡಿಯಾ ಕಾಲದಲ್ಲಿ ಬ್ರಿಟಿಷರ ಜೊತೆ ಕುಳಿತರು ಎಂಬ ನಿಂದೆಯನ್ನು ಅವರು ಹೊರಬೇಕಾಯಿತು. ಆದರೆ ಆ ನಾಲ್ಕು ವರ್ಷಗಳಲ್ಲಿ ಆದ ಕೆಲಸಗಳನ್ನು ನೋಡಿದರೆ ಪರೇಲ್‌ನ ಬೆಂಚು ದಿಲ್ಲಿಯವರೆಗೆ ಹೋದಂತಿದೆ. ಸರಕಾರ, ಮಾಲಕರು, ಕಾರ್ಮಿಕರು ಒಂದೇ ಮೇಜಿನ ಸುತ್ತ ಕುಳಿತು ಮಾತನಾಡುವ ತ್ರಿಪಕ್ಷೀಯ ಸಮ್ಮೇಳನ ಆ ಆಗಸ್ಟ್‌ನಲ್ಲೇ ಸೇರಿತು. ಕಾರ್ಮಿಕ ಸಂಘಕ್ಕೆ ಮಾಲಕರು ಮಾನ್ಯತೆ ನೀಡಲೇಬೇಕೆಂಬ ಮಸೂದೆಯನ್ನು 1943ರಲ್ಲಿ ಮಂಡಿಸಿದರು. ಪ್ರೊ. ಬಿ.ಪಿ. ಅಡಾರ್ಕರ್ ಸಿದ್ಧಪಡಿಸಿದ ಆರೋಗ್ಯ ವಿಮಾ ವರದಿ 1944ರಲ್ಲಿ ಬಂತು, ಅದರಿಂದಲೇ 1948ರಲ್ಲಿ ಇ.ಎಸ್.ಐ. ಹುಟ್ಟಿತು. ಕನಿಷ್ಠ ವೇತನದ ಮಸೂದೆ 1946ರ ಎಪ್ರಿಲ್‌ನಲ್ಲಿ ಮಂಡನೆಯಾಗಿ 1948ರಲ್ಲಿ ಕಾಯ್ದೆಯಾಯಿತು.

ಹದಿನಾಲ್ಕು ಗಂಟೆಯ ದುಡಿಮೆಯನ್ನು ಅಂಬೇಡ್ಕರ್ ಒಂದೇ ಏಟಿಗೆ ಎಂಟಕ್ಕೆ ಇಳಿಸಿದರು ಎಂದು ಭಾಷಣಗಳಲ್ಲಿ ಕೇಳಿಬರುವುದಿದೆ. ಅದು ಪೂರ್ತಿ ಸರಿಯಲ್ಲ. 1934ರ ಕಾರ್ಖಾನೆ ಕಾಯ್ದೆ ವಾರಕ್ಕೆ 54 ಗಂಟೆಯ ಮಿತಿಯನ್ನು ಅದಾಗಲೇ ಹಾಕಿತ್ತು. ಅಂಬೇಡ್ಕರ್ ಅವರ ಕಾಲದ 1946ರ ತಿದ್ದುಪಡಿ ಅದನ್ನು 48ಕ್ಕೆ ಇಳಿಸಿತು. ವಾರಕ್ಕೆ ಆರು ಗಂಟೆ ಉಳಿದದ್ದು ಸಣ್ಣ ವಿಷಯವಲ್ಲ, ಅದನ್ನು ಉತ್ಪ್ರೇಕ್ಷಿಸುವ ಅಗತ್ಯವೂ ಇಲ್ಲ. ಯುದ್ಧಕಾಲದ ಕಲ್ಲಿದ್ದಲಿನ ಅಭಾವದಿಂದಾಗಿ ಹೆಂಗಸರು ಗಣಿಯೊಳಗೆ ಇಳಿಯಬಾರದೆಂಬ ನಿಷೇಧವನ್ನು 1943ರಲ್ಲಿ ತೆಗೆದದ್ದು ಕೂಡ ಅವರ ಅವಧಿಯಲ್ಲೇ. 1946ರ ಫೆಬ್ರವರಿಯಲ್ಲಿ ನಿಷೇಧ ಮತ್ತೆ ಬಂತಾದರೂ ಆ ನಿರ್ಧಾರಕ್ಕೆ ಟೀಕೆ ತಪ್ಪಲಿಲ್ಲ.

ಸಾಮಾನ್ಯ ನೌಕರನ ದೃಷ್ಟಿಯಲ್ಲಿ ಆ ಅವಧಿಯ ಅತಿ ಮುಖ್ಯ ಕಾಯ್ದೆ 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆ. ಅದಕ್ಕೆ ಮುಂಚೆ ಕೆಲಸದ ನಿಯಮವೇನೆಂಬುದು ಮುಕಾದಮನ ಬಾಯಲ್ಲಿರುತ್ತಿತ್ತು. ಇಂದು ಒಂದು, ನಾಳೆ ಇನ್ನೊಂದು. ಈ ಕಾಯ್ದೆಯ ನಂತರ 100 ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ವೇಳೆ, ರಜೆ, ಸಂಬಳದ ದಿನ, ತಪ್ಪಿಗೆ ಶಿಕ್ಷೆ ಎಲ್ಲವನ್ನೂ ಬರೆದು, ಸರಕಾರಿ ಅಧಿಕಾರಿಯಿಂದ ದೃಢೀಕರಿಸಿ, ಬಾಗಿಲ ಬಳಿ ಅಂಟಿಸಬೇಕಾಯಿತು. ಅದೂ ಇಂಗ್ಲಿಷಿನಲ್ಲಷ್ಟೇ ಅಲ್ಲ, ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲಿಯೂ. ಆರೋಪ ಬಂದರೆ ಉತ್ತರಿಸಲು ಅವಕಾಶ ಕೊಟ್ಟ ಮೇಲೆಯೇ ಶಿಕ್ಷೆ. ಕಾಗದ ಓದಿಸಿಕೊಳ್ಳಲು ದಾಮೋದರ್ ಹಾಲ್‌ಗೆ ಬರುತ್ತಿದ್ದವರನ್ನು ವರ್ಷಗಟ್ಟಲೆ ನೋಡಿದ್ದ ವಕೀಲರು ಇಲಾಖೆಯ ಮುಖ್ಯಸ್ಥರಾಗಿದ್ದಾಗ ಈ ಕಾಯ್ದೆ ಬಂದದ್ದು ಸಹಜವೇ. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಈ ಕಾಯ್ದೆಯೂ ವಿಲೀನವಾಗಿದೆ. ಈಗ ಕೇಂದ್ರದ ಸಂಹಿತೆಯಂತೆ ಈ ನಿಯಮ ಕಡ್ಡಾಯವಾಗುವುದು 300 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಮಾತ್ರ. ಹೊಟೇಲು, ಸಣ್ಣ ಕಾರ್ಖಾನೆಗಳಲ್ಲಿರುವವರು ಸಂಬಳದ ಚೀಟಿ, ನೇಮಕಾತಿ ಪತ್ರಗಳನ್ನು ಮೊದಲಿಗಿಂತ ಜೋಪಾನವಾಗಿ ಇಟ್ಟುಕೊಳ್ಳಬೇಕಾದ ಕಾಲ ಇದು.

ಕಕ್ಷಿದಾರನ ಹಕ್ಕಿಗೆ ಸಂಬಂಧಿಸಿ ಅವರು ಮಾಡಿದ ಇನ್ನೊಂದು ಕೆಲಸ ಸಂವಿಧಾನದೊಳಗಿದೆ. ಕರಡಿನಲ್ಲಿ ವ್ಯಕ್ತಿಸ್ವಾತಂತ್ರ್ಯದ ವಿಧಿ ಬಹಳ ಸಡಿಲವಾಯಿತು, ಶಾಸಕಾಂಗ ಹೇಳಿದ್ದೇ ಕಾನೂನು ಎಂದಾಯಿತು ಎಂಬ ಟೀಕೆ ಬಂದಿತ್ತು. ಆ ಕೊರತೆ ತುಂಬಲು 1949ರ ಸೆಪ್ಟೆಂಬರ್ 15ರಂದು ಅಂಬೇಡ್ಕರ್ ಹೊಸ ವಿಧಿಯೊಂದನ್ನು ಸಂವಿಧಾನ ಸಭೆಯ ಮುಂದಿಟ್ಟರು. ಇಂದು ಅದು 22ನೇ ವಿಧಿ. ಬಂಧಿತನಿಗೆ ಬಂಧನದ ಕಾರಣ ತಿಳಿಸಬೇಕು, ತನ್ನಿಚ್ಛೆಯ ವಕೀಲನನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಅದೇ ವಿಧಿಯಲ್ಲಿ ವಿಚಾರಣೆಯಿಲ್ಲದ ಮುಂಜಾಗ್ರತಾ ಬಂಧನಕ್ಕೂ ಜಾಗವಿತ್ತು. ಇದನ್ನು ಸಭೆಯಲ್ಲೇ ಹಲವರು ಕಟುವಾಗಿ ಟೀಕಿಸಿದ್ದರು. ವಕೀಲನಿಗೆ ಕೊಡಲು ದುಡ್ಡಿಲ್ಲದವನಿಗೆ ಸರಕಾರವೇ ಉಚಿತ ಕಾನೂನು ನೆರವು ನೀಡಬೇಕೆಂಬ 39ಎ ವಿಧಿ ಸೇರಿದ್ದು 1976ರಲ್ಲಿ, ಅದಕ್ಕಾಗಿ ಮಾಡಿದ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಅಂದರೆ ದಾಮೋದರ್ ಹಾಲ್‌ನಲ್ಲಿ ನಡೆಯುತ್ತಿದ್ದುದು ಸರಕಾರದ ಕರ್ತವ್ಯವಾಗಲು 70 ವರ್ಷಗಳೇ ಹಿಡಿದವು.

1956ರ ಡಿಸೆಂಬರ್ 6ರಂದು ದಿಲ್ಲಿಯಲ್ಲಿ ಅವರು ನಿಧನರಾದರು. ಮರುದಿನ ದಾದರ್ ಚೌಪಾಟಿಯಲ್ಲಿ ಅಂತ್ಯಕ್ರಿಯೆ. ಈಗ ಅಲ್ಲಿ ಚೈತ್ಯಭೂಮಿ ಇದೆ.

ಮಹಾನಗರದ ಕನ್ನಡಿಗರಿಗೆ ಅವರು ಬಿಟ್ಟುಹೋದ ಆಸ್ತಿಯೊಂದು ಫೋರ್ಟಿನಲ್ಲಿದೆ. ಅವರ ಪೀಪಲ್ಸ್ ಎಜುಕೇಷನ್ ಸೊಸೈಟಿ 1946ರ ಜೂನ್ 20ರಂದು ಆರಂಭಿಸಿದ ಸಿದ್ಧಾರ್ಥ ಕಾಲೇಜು ದುಡಿಯುವವರಿಗೆಂದೇ ಬೆಳಗಿನ ತರಗತಿಗಳನ್ನು ನಡೆಸಿತು. ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿ, ಬೆಳಗ್ಗೆ ಇಲ್ಲಿ ಪಾಠ ಕೇಳಿ, ಹತ್ತು ಗಂಟೆಗೆ ಆಫೀಸೋ ಕ್ಯಾಂಟೀನೋ ಸೇರಿ ಪದವೀಧರರಾದ ತುಳು-ಕನ್ನಡಿಗರು ನಮ್ಮ ಸಂಘ ಸಂಸ್ಥೆಗಳಲ್ಲಿ ಇಂದಿಗೂ ಸಿಗುತ್ತಾರೆ. ಅದೇ ಸೊಸೈಟಿಯ ಕಾನೂನು ಕಾಲೇಜು ಶುರುವಾದದ್ದು 1956ರಲ್ಲಿ, ಅವರು ಕಣ್ಮುಚ್ಚಿದ ವರ್ಷ.